ಹೊಳೆಯ ಮೀನಿಗೆ ಹೊಸ ಹೆಸರು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ ಜಿಲ್ಲೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಮಳೆಗಾಲ ಕಳೆದು ನೀರು ತಿಳಿಯಾಗುತ್ತಿದ್ದಂತೆ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಖಾನಾಪುರದ ಕಡೆಯ ಹಳ್ಳಗಳಿಗೋ, ಗೋಕಾಕದ ಕೆಳಗಿನ ಘಟಪ್ರಭೆಗೋ ಹೋಗುವುದು ರೂಢಿ. ಬಲೆ, ಬಕೆಟ್ಟು, ಗಾಜಿನ ಡಬ್ಬಿ ಹಿಡಿದವರನ್ನು ಕಂಡರೆ ಜನ ಸುಮ್ಮನೆ ಬಿಡುವುದಿಲ್ಲ. ಬಟ್ಟೆ ಒಗೆಯಲು ಬಂದ ಅವ್ವಂದಿರು, ಎಮ್ಮೆ ಮೈ ತೊಳೆಯುವ ಹುಡುಗರು, ಬಲೆ ಬೀಸುವ ಅಂಬಿಗರು, ಕೊನೆಗೆ ನಮ್ಮ ವಿದ್ಯಾರ್ಥಿಗಳ ಅಪ್ಪಂದಿರು, ಎಲ್ಲರೂ ಕೇಳುತ್ತಾರೆ. ಪ್ರಶ್ನೆಗಳು ವರ್ಷ ವರ್ಷವೂ ಹೆಚ್ಚುಕಡಿಮೆ ಅವೇ. ಅವಕ್ಕೆ ಕೊಡುತ್ತ ಬಂದ ಉತ್ತರಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಸರ, ನಮ್ಮ ಬಾವ್ಯಾಗ ಒಂದು ವಿಚಿತ್ರ ಮೀನ ಸಿಕ್ಕೈತ್ರಿ. ಇದು ಹೊಸಾದೇನ್ರಿ?

ಹತ್ತಕ್ಕೆ ಒಂಬತ್ತು ಸಲ ಅಲ್ಲ. ಬೆರಳಿನಷ್ಟೂ ಉದ್ದವಿಲ್ಲದೆ ನೀರಿನ ಮೇಲ್ಮೈಯಲ್ಲಿ ಗುಂಪಾಗಿ ಓಡಾಡುತ್ತಿದ್ದರೆ ಅದು ಗಪ್ಪಿ ಅಥವಾ ಗ್ಯಾಂಬೂಸಿಯಾ. ಎರಡೂ ಅಮೆರಿಕ ಖಂಡದ ಕಡೆಯವು. ಸೊಳ್ಳೆಯ ಮರಿ ತಿನ್ನಲಿ ಎಂದು ಬಾವಿ, ತೊಟ್ಟಿ, ಕೆರೆಗಳಿಗೆ ಬಿಟ್ಟವು. ಮೈಯೆಲ್ಲ ಗಟ್ಟಿ ಕವಚ, ಹೊಟ್ಟೆಯ ಕಡೆ ಬಾಯಿ, ನೋಡಿದರೆ ಭಯ ಹುಟ್ಟಿಸುವಂತಿದ್ದರೆ ಅದು ದಕ್ಷಿಣ ಅಮೆರಿಕದ ಸಕ್ಕರ್ ಮೀನು. ಗಾಜಿನ ತೊಟ್ಟಿಯ ಪಾಚಿ ತಿನ್ನಲೆಂದು ಕೊಂಡವರು ಅದು ದೊಡ್ಡದಾದ ಮೇಲೆ ಹಳ್ಳಕ್ಕೆ ಬಿಟ್ಟಿರುತ್ತಾರೆ. "ವಿಚಿತ್ರ ಮೀನು ಪತ್ತೆ" ಎಂದು ವಾಟ್ಸಾಪಿನಲ್ಲಿ ಬರುವ ಚಿತ್ರಗಳಲ್ಲಿ ಬಹುಪಾಲು ಇದರದೇ. ಜಿಲೇಬಿ ಎಂದು ಮಾರುವ ತಿಲಾಪಿಯಾ ಕೂಡ 1952ರಲ್ಲಿ ಆಫ್ರಿಕದ ಮೂಲದಿಂದ ಭಾರತಕ್ಕೆ ಬಂದದ್ದು.

ಒಂದು ಮಾತು ನೆನಪಿಡಿ. ನಿಜವಾಗಿ ಹೊಸದಾದ ಮೀನು ನೋಡಲು ವಿಚಿತ್ರವಾಗಿರುವುದು ಅಪರೂಪ. ಅದು ದಿನಾ ನೋಡುವ ಮೀನಿನ ಹಾಗೇ ಇರುತ್ತದೆ. ಅದಕ್ಕೇ ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ.

ಮೀನು ಮೊದಲಿಂದ ಹೊಳೆಯಲ್ಲೇ ಇದೆ. ಅದು "ಹೊಸದು" ಹೇಗಾಗುತ್ತದೆ?

ಮೀನು ಹೊಸದಲ್ಲ, ಹೆಸರು ಹೊಸದು. ಲೋಕದ ಯಾವ ಮೂಲೆಯಲ್ಲಿ ಕೂತ ಪರಿಣತನೂ ಇದೇ ಮೀನು ಎಂದು ಗುರುತು ಹಿಡಿಯುವಂತೆ ವರ್ಣಿಸಿ, ನಿಯಮದ ಪ್ರಕಾರ ಎರಡು ಪದಗಳ ಹೆಸರಿಟ್ಟು ಪ್ರಕಟಿಸುವ ತನಕ ವಿಜ್ಞಾನದ ಲೆಕ್ಕದಲ್ಲಿ ಅದಕ್ಕೆ ಅಸ್ತಿತ್ವವಿಲ್ಲ. ಇದು ಸ್ವಲ್ಪ ಅಹಂಕಾರದ ಮಾತಿನ ಹಾಗೆ ಕೇಳುತ್ತದೆ, ಒಪ್ಪುತ್ತೇನೆ. ಬಲೆ ಬೀಸುವವನ ಅಜ್ಜನಿಗೂ ಅದು ಗೊತ್ತಿತ್ತು.

ಕಾವೇರಿಯ ಡುಬ್ಬದ ಮಹಶೀರ್‌ನ ಕತೆ ಕೇಳಿ. ಒಬ್ಬ ಮನುಷ್ಯನ ತೂಕಕ್ಕೆ ಹತ್ತಿರ ಹೋಗಬಲ್ಲ ಮೀನು. ಬ್ರಿಟಿಷರ ಕಾಲದಿಂದ ಗಾಳ ಹಾಕುವವರಿಗೆಲ್ಲ ಹುಚ್ಚು ಹಿಡಿಸಿದ್ದು. ಆದರೂ ಸುಮಾರು 150 ವರ್ಷ ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರಿರಲಿಲ್ಲ. ಕೇರಳದ ಪಾಂಬಾರ್ ನದಿಯ ಸಣ್ಣ ಮೀನುಗಳನ್ನು ನೋಡಿ ಬೇರೆಯವರು ವರ್ಣಿಸಿದ್ದ ಟಾರ್ ರೆಮಾದೇವಿಯೇ ಇದು ಎಂದು ಗೊತ್ತಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಹೆಸರಿಲ್ಲದೆ ಇದ್ದಷ್ಟು ದಿನ ಆ ಪಟ್ಟಿಯಲ್ಲಿ ಅದಕ್ಕೆ ಸ್ವಂತ ಸಾಲೇ ಇರಲಿಲ್ಲ.

ಇನ್ನೊಂದು: ಪುಸ್ತಕದಲ್ಲಿ "ಪ್ರಭೇದ" ಎನ್ನುತ್ತಾರೆ, ಮಾತಿನಲ್ಲಿ "ಜಾತಿ" ಎನ್ನುತ್ತೇವೆ. ಹಳ್ಳದ ದಂಡೆಯಲ್ಲಿ ನಿಂತು "ಇದು ಯಾವ ಜಾತಿ?" ಎಂದು ಗಟ್ಟಿಯಾಗಿ ಕೇಳಿದರೆ ನಮ್ಮ ಕಡೆ ಜನ ನಗುತ್ತಾರೆ, ಕೆಲವರು ಸಿಟ್ಟಾಗುತ್ತಾರೆ. ನಾನು ಪ್ರಭೇದ ಎನ್ನುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರ, ಈ ನಮ್ಮ ಮೂರು ಜಿಲ್ಲೆಗಳಲ್ಲಿ ಇನ್ನೂ ಹೆಸರಿಲ್ಲದ ಮೀನು ಇರಬಹುದೆ?

ಇರಬಹುದು ಎನ್ನುವುದಕ್ಕೆ ಒಳ್ಳೆಯ ಕಾರಣಗಳಿವೆ. ಆದರೆ ಎಲ್ಲ ಕಡೆ ಒಂದೇ ಸಮ ಅಲ್ಲ.

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ನಿಂತು ನೋಡಿ. ಮಲಪ್ರಭೆ ಅಲ್ಲಿ ಹುಟ್ಟಿ ಮೂಡಣಕ್ಕೆ ಹೊರಟು, ಸವದತ್ತಿಯ ನವಿಲುತೀರ್ಥ ದಾಟಿ, ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಅಲ್ಲೇ ಹತ್ತಿರದ ಕಳಸಾ ಹಳ್ಳದ ನೀರು ಮಹದಾಯಿಗೆ ಬಿದ್ದು ಪಡುವಣಕ್ಕೆ, ಗೋವಾದ ಕಡಲಿಗೆ ಹೋಗುತ್ತದೆ. ನಮಗೆ ಅದು ನಡೆದು ದಾಟುವ ದಿಬ್ಬ. ಮೀನಿಗೆ ದಾಟಲಾಗದ ಗೋಡೆ. ಗೋಡೆಯ ಎರಡು ಬದಿಯಲ್ಲಿ ಲಕ್ಷಾಂತರ ವರ್ಷ ಬೇರೆ ಬೇರೆಯಾಗಿ ಬಾಳಿದ ಮೀನುಗಳು ನಿಧಾನಕ್ಕೆ ಬೇರೆಯೇ ಆಗಿಬಿಡುತ್ತವೆ. ಪಶ್ಚಿಮ ಘಟ್ಟದಲ್ಲಿ ಮೀನಿನ ವೈವಿಧ್ಯ ಇಷ್ಟು ದಟ್ಟವಾಗಿರುವುದಕ್ಕೆ ಇದೊಂದು ಮುಖ್ಯ ಕಾರಣ. 2011ರ ಅಂತರರಾಷ್ಟ್ರೀಯ ಮೌಲ್ಯಮಾಪನದಲ್ಲಿ ಘಟ್ಟದ 290 ಸಿಹಿನೀರಿನ ಮೀನುಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಅದರ ನಂತರವೂ ಹೊಸ ಹೆಸರುಗಳು ಬರುತ್ತಲೇ ಇವೆ.

ಕಳಸಾ–ಬಂಡೂರಿ ವಾದದಲ್ಲಿ, ಎಂದರೆ ಮಹದಾಯಿಯ ಕಡೆಯ ನೀರನ್ನು ಮಲಪ್ರಭೆಗೆ ತಿರುಗಿಸುವ ಯೋಜನೆಯ ಜಗಳದಲ್ಲಿ, ನಾನು ಇಲ್ಲಿ ಪಕ್ಷ ಹಿಡಿಯುವುದಿಲ್ಲ. ಬೇಸಿಗೆಯಲ್ಲಿ ಕೊಡ ಹಿಡಿದು ಕಾಯುವ ಊರುಗಳಲ್ಲಿ ನನಗೂ ನೆಂಟರಿದ್ದಾರೆ. ಮೀನಿನ ಮಟ್ಟಿಗೆ ಹೇಳಬಹುದಾದದ್ದು ಇಷ್ಟೆ: ಎರಡು ಕಡೆಯ ನೀರು ಕಾಲುವೆಯಲ್ಲಿ ಕೂಡಿದ ಮೇಲೆ ಯಾವ ಮೀನು ಯಾವ ಕಡೆಯದು ಎಂದು ಬಿಡಿಸಿ ಹೇಳುವುದು ಕಷ್ಟ. ಎಣಿಸುವುದಿದ್ದರೆ ಕೂಡುವ ಮೊದಲು ಎಣಿಸಬೇಕು.

ಇನ್ನು ಹಿರಣ್ಯಕೇಶಿ. ಸಂಕೇಶ್ವರದವರಿಗೆ ಅದು ಊರ ಹೊಳೆ. ಅದು ಹುಟ್ಟುವುದು ಮಹಾರಾಷ್ಟ್ರದ ಅಂಬೋಲಿಯಲ್ಲಿ, ಒಂದು ಗುಡಿಯ ಬಳಿ. ಆ ಗುಡಿಯ ಹೊಂಡದಿಂದಲೇ 2020ರಲ್ಲಿ ಶಿಸ್ಟುರಾ ಹಿರಣ್ಯಕೇಶಿ ಎಂಬ ಬಣ್ಣದ ಪುಟ್ಟ ಮೀನನ್ನು ವರ್ಣಿಸಿದರು. ಜನ ಕೈ ಮುಗಿದು ತೀರ್ಥ ತೆಗೆದುಕೊಳ್ಳುವ ಜಾಗ. ಅದಕ್ಕೆ ಮೊದಲು 2014ರಲ್ಲಿ ಇದೇ ಹೊಳೆಯ ಮೇಲ್ಭಾಗದಿಂದ ಪೆಥಿಯಾ ಲಾಂಗಿಕಾಡಾ ಬಂತು. ಭೀಮೆಯ ಕಡೆ ಹೋದರೆ, ಪುಣೆಯ ಸುತ್ತಿನ ಪವನಾ ಮತ್ತು ನೀರಾ ಉಪನದಿಗಳಿಂದ 2016ರಲ್ಲಿ ಪೆಥಿಯಾ ಸಂಜಯಮೋಲುರಿ. ಆ ನೀರೆಲ್ಲ ಕೊನೆಗೆ ಇಂಡಿ, ಸಿಂದಗಿ ತಾಲೂಕುಗಳ ಅಂಚಿನಲ್ಲೇ ಹರಿದುಹೋಗುತ್ತದೆ. ಗಡಿಯ ಆಚೆ ಹುಡುಕಿದರು, ಸಿಕ್ಕಿತು. ಈಚೆ ನಾವು ಹುಡುಕಿದ್ದೇ ಕಡಿಮೆ. ಈ ಮಾತು ನನ್ನಂಥ ಮೇಷ್ಟ್ರುಗಳಿಗೇ ಮೊದಲು ತಾಗಬೇಕು.

ಬಾಗಲಕೋಟೆ, ವಿಜಯಪುರದ ಬಯಲಿನ ಕತೆ ಬೇರೆ. ದೊಡ್ಡ ಹೊಳೆಯ ಮೀನು ಬಲು ದೂರ ಓಡಾಡುತ್ತವೆ, ಬೇರೆಯಾಗುವುದು ಕಡಿಮೆ. ಅಲ್ಲಿ ಹೊಸದಕ್ಕಿಂತ ಹಳೆಯ ಹೆಸರುಗಳ ಗೊಂದಲ ಬಿಡಿಸುವ ಕೆಲಸವೇ ಹೆಚ್ಚು. ಆಲಮಟ್ಟಿ ಕಟ್ಟಿದ ಮೇಲೆ ಹರಿಯುವ ನೀರಿನ ಮೀನಿಗೆ ಜಾಗವೂ ಕಡಿಮೆಯಾಯಿತು.

ಬೆಳಗಾವಿಯ ಕಾಡು ಏನನ್ನು ಬಚ್ಚಿಡಬಲ್ಲದು ಎನ್ನುವುದಕ್ಕೆ ಮೀನಲ್ಲದ ಒಂದು ಉದಾಹರಣೆ. ಭೀಮಗಡದ ಬಾರಾಪೇಡೆ ಗುಹೆಯ ಬಾವಲಿಯನ್ನು 1913ರಲ್ಲಿ ವರ್ಣಿಸಿದರು. ದಶಕಗಟ್ಟಲೆ ಲೋಕದಲ್ಲೆಲ್ಲ ಅದಕ್ಕೆ ಗೊತ್ತಿದ್ದ ಮನೆ ಆ ಒಂದು ಗುಹೆ ಮಾತ್ರ.

ಮೀನು ತೋರಿಸುವಾಗ ಮಾತು ಮಾತಿಗೆ ಸೈಕ್ಸ್ ಎನ್ನುತ್ತೀರಿ. ಯಾರವನು?

ಕರ್ನಲ್ ವಿಲಿಯಂ ಹೆನ್ರಿ ಸೈಕ್ಸ್. ಮುಂಬಯಿ ಸರಕಾರಕ್ಕಾಗಿ ದಖ್ಖನಿನ ಅಂಕಿಅಂಶ ಕೂಡಿಸಲು ಬಂದ ಸೇನಾಧಿಕಾರಿ. ಜನ, ಬೆಳೆ, ಹಕ್ಕಿ ಎಲ್ಲ ಎಣಿಸುತ್ತ ಭೀಮೆ ಮತ್ತದರ ಉಪನದಿಗಳ ಮೀನುಗಳನ್ನೂ ಬರೆದಿಟ್ಟ. ಆ ವರ್ಣನೆಗಳು 1839ರಲ್ಲಿ ಅಚ್ಚಾದವು. ನಮ್ಮ ಕೃಷ್ಣೆ, ಭೀಮೆ, ಘಟಪ್ರಭೆಯಲ್ಲಿ ಇವತ್ತು ಬಲೆಗೆ ಬೀಳುವ ಎಷ್ಟೋ ಮೀನುಗಳ ಹೆಸರಿನ ಮುಂದೆ "ಸೈಕ್ಸ್, 1839" ಎಂದು ಇರುತ್ತದೆ.

ಅವನ ಒಂದು ಗುಣ ನನಗೆ ಬಹಳ ಹಿಡಿಸುತ್ತದೆ. ಲ್ಯಾಟಿನ್ ನಿಘಂಟು ತಿರುವದೆ, ಮೀನು ಹಿಡಿದವರು ಏನೆನ್ನುತ್ತಾರೋ ಅದನ್ನೇ ಹೆಸರು ಮಾಡಿದ. ಖುದ್ರೀ, ಕೋಲುಸ್, ಸೀಂಗ್ಟೀ, ಮೂರೆ, ಫುಲುಂಗೀ, ಮುಸ್ಸುಲ್ಲಾ, ಎಲ್ಲ ದಂಡೆಯ ಮಾತುಗಳೇ, ಇಂಗ್ಲಿಷಿನವನ ಕಿವಿಗೆ ಬಿದ್ದ ಹಾಗೆ. ಹೆಸರಿಲ್ಲದ ಭೋಯಿ ಮೀನುಗಾರರ ಬಾಯಿಮಾತು ಹೀಗೆ ಲೋಕದ ಮೀನಿನ ಪಟ್ಟಿ ಸೇರಿ ಉಳಿದಿದೆ.

ತೊಂದರೆ ಎಲ್ಲಿ ಅಂದರೆ, ಅವನ ವರ್ಣನೆಗಳು ಚಿಕ್ಕವು, ಮತ್ತು ಅವನು ನೋಡಿದ ಎಷ್ಟೋ ಮೀನುಗಳ ಮಾದರಿಗಳು, ಎಂದರೆ ಕೆಡದಂತೆ ಕಾದಿಟ್ಟ ಮೀನುಗಳು, ಈಗ ಎಲ್ಲೂ ಇಲ್ಲ. ಅವನು ಮುಸ್ಸುಲ್ಲಾ ಎಂದದ್ದು ಯಾವ ಮೀನನ್ನು? ಬಹಳ ಕಾಲ ಅದನ್ನು ಮಹಶೀರ್ ಎಂದೇ ತಿಳಿದು ಕಾವೇರಿಯ ಡುಬ್ಬದ ಮಹಶೀರ್‌ಗೂ ಅದೇ ಹೆಸರು ಅಂಟಿಸಿದ್ದರು. ಹಳೆಯ ಬರಹ, ಚಿತ್ರ, ಕೃಷ್ಣೆಯ ಮೀನು ಎಲ್ಲ ಒಟ್ಟಿಗಿಟ್ಟು ನೋಡಿ ಅದು ಮಹಶೀರ್ ಅಲ್ಲ, ಹಿಪ್ಸೆಲೋಬಾರ್ಬಸ್ ಕುಲದ್ದು ಎಂದು 2013ರಲ್ಲಿ ಬಿಡಿಸಿ ತೋರಿಸಿದರು. ನಡುವೆ 174 ವರ್ಷ.

ಆದ್ದರಿಂದ ನಮ್ಮ ಕಡೆ ಹೊಸ ಮೀನು ಎನ್ನುವವನು ಮೊದಲು ಉತ್ತರಿಸಬೇಕಾದ ಪ್ರಶ್ನೆ: ಇದನ್ನು ಸೈಕ್ಸ್ ಆಗಲೇ ನೋಡಿ ಹೆಸರಿಟ್ಟು ಹೋಗಿಲ್ಲವಷ್ಟೆ? ಅವನಾದ ಮೇಲೆ ಜೆರ್ಡನ್, ಆಮೇಲೆ 1875–78ರಲ್ಲಿ ಭಾರತದ ಮೀನುಗಳ ಮಹಾಗ್ರಂಥ ತಂದ ಫ್ರಾನ್ಸಿಸ್ ಡೇ, ಆಮೇಲೆ ಸುಂದರ್ ಲಾಲ್ ಹೋರಾ. ಮೀನುಗಳನ್ನು ವರ್ಣಿಸಿದ ಇವರೆಲ್ಲರ ಮನೆಬಾಗಿಲು ತಟ್ಟಿ ಬರಬೇಕು. ಡೇ ಕೂಡಿಸಿದ ಮೀನುಗಳಂತೂ ಕೋಲ್ಕತ್ತ, ಲಂಡನ್, ಅಲ್ಲಿಂದ ಸಿಡ್ನಿಯವರೆಗೆ ಹಂಚಿಹೋಗಿವೆ.

ಹಾಗಾದರೆ ಹೊಸದು ಎಂದು ತೀರ್ಮಾನಿಸುವುದು ಹೇಗೆ?

ಎಣಿಸಿ, ಅಳೆದು, ಹೋಲಿಸಿ.

ಎಣಿಸುವುದು: ಪಕ್ಕೆಯ ಉದ್ದಕ್ಕೆ ಸಣ್ಣ ತೂತುಗಳ ಗೆರೆಯೊಂದಿರುತ್ತದೆ, ಪಾರ್ಶ್ವರೇಖೆ. ಅದರ ಮೇಲೆ ಎಷ್ಟು ಹುರುಪೆ? ಆ ಗೆರೆ ಬಾಲದ ತನಕ ಹೋಗುತ್ತದೋ, ನಡುವೆ ನಿಲ್ಲುತ್ತದೋ? ಬೆನ್ನಿನ ರೆಕ್ಕೆಯಲ್ಲಿ ಕವಲೊಡೆಯದ ಕಡ್ಡಿ ಎಷ್ಟು, ಕವಲೊಡೆದವು ಎಷ್ಟು? ಮೀಸೆ ಎಷ್ಟು ಜೊತೆ? ಪೆಥಿಯಾ ಕುಲದ ಮೀನಾದರೆ ಬೆನ್ನಿನ ರೆಕ್ಕೆಯ ಕೊನೆಯ ಗಟ್ಟಿ ಕಡ್ಡಿಯ ಹಿಂಬದಿಗೆ ಗರಗಸದ ಹಲ್ಲು ಇರುತ್ತವೆ. ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ಅದನ್ನು ಕಂಡ ವಿದ್ಯಾರ್ಥಿಯ ಮುಖ ನೋಡುವುದೇ ಒಂದು ಸುಖ. ಬೆನ್ನುಮೂಳೆಯ ಮಣಿಗಳನ್ನು ಎಕ್ಸ್-ರೇ ತೆಗೆದು ಎಣಿಸುತ್ತಾರೆ.

ಅಳೆಯುವುದು: ಡಿಜಿಟಲ್ ಕ್ಯಾಲಿಪರ್ ಹಿಡಿದು ಮಿಲಿಮೀಟರಿನ ಹತ್ತನೇ ಒಂದು ಭಾಗದವರೆಗೆ. ಉದ್ದವೆಂದರೆ ಮೂತಿಯ ತುದಿಯಿಂದ ಬಾಲದ ರೆಕ್ಕೆಯ ಬುಡದವರೆಗೆ. ಬಾಲದ ತುದಿ ಮುರಿದಿರಬಹುದು, ಅದನ್ನು ನಂಬುವುದಿಲ್ಲ. ತಲೆ, ಕಣ್ಣು, ಮೈಯ ಎತ್ತರ ಎಲ್ಲವನ್ನೂ ಈ ಉದ್ದದ ಶೇಕಡಾವಾರಿನಲ್ಲಿ ಬರೆಯುತ್ತಾರೆ. ಎಣಿಕೆಯೂ ಅಳತೆಯೂ ಎಡಬದಿಯಲ್ಲಿ. ಇಡೀ ಲೋಕ ಎಡಬದಿಯಲ್ಲೇ ಅಳೆದರೆ ಹೋಲಿಕೆ ಸುಲಭ, ಅಷ್ಟೆ.

ಒಂದೇ ಮೀನು ಸಾಲದು. ಗಂಡಿಗೆ ಮರಿ ಮಾಡುವ ಕಾಲದಲ್ಲಿ ಬರುವ ಬಣ್ಣ, ಮರಿಗೂ ಬಲಿತದ್ದಕ್ಕೂ ಇರುವ ವ್ಯತ್ಯಾಸ, ತೆಳ್ಳಗೆ ದಪ್ಪಗೆ ಇವನ್ನೆಲ್ಲ ಹೊಸತನ ಎಂದು ತಿಳಿದು ಮೋಸ ಹೋದವರು ಬಹಳ. ಮರಿಯಿಂದ ಬಲಿತದ್ದರ ತನಕ ಹತ್ತಾರು ಮೀನು ಸಾಲಾಗಿ ಇಟ್ಟಾಗಲೂ ವ್ಯತ್ಯಾಸ ನಿಂತರೆ ಅದು ವ್ಯತ್ಯಾಸ.

ಹೋಲಿಸುವುದೇ ಅಸಲು ಕೆಲಸ. ಹತ್ತಿರದ ನಂಟುಳ್ಳ ಪ್ರತಿಯೊಂದು ಪ್ರಭೇದದ ಮೂಲ ಮಾದರಿಯನ್ನು ಸಂಗ್ರಹಾಲಯದಲ್ಲಿ ನೋಡಬೇಕು. ಮಾದರಿ ಕಳೆದುಹೋಗಿದ್ದರೆ ಅದು ಮೊದಲು ಸಿಕ್ಕ ಜಾಗಕ್ಕೇ ಹೋಗಿ ಮತ್ತೆ ಹಿಡಿಯಬೇಕು. ಹೊಳೆಯಲ್ಲಿ ಒಂದು ದಿನ, ಇದಕ್ಕೆ ಎರಡು ವರ್ಷ.

ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಒಂದೇ ದಿನದಲ್ಲಿ ಗೊತ್ತಾಗುವುದಿಲ್ಲವೆ?

ಕೋಶದ ಮೈಟೊಕಾಂಡ್ರಿಯದಲ್ಲಿರುವ ಸಿಓಐ ಎಂಬ ಜೀನಿನ ಸುಮಾರು 650 ಅಕ್ಷರ ಓದಿ ಹೋಲಿಸುವುದು ಈಗ ರೂಢಿ. ಅಂಗಡಿಯ ಬಾರ್‌ಕೋಡ್ ಇದ್ದ ಹಾಗೆ. ಅದು ಬಹಳ ಸಹಾಯಕ್ಕೆ ಬರುತ್ತದೆ. ಕಣ್ಣಿಗೆ ಒಂದೇ ಎಂದು ಕಂಡವು ಎರಡು ಎಂದು ತೋರಿಸುತ್ತದೆ, ಎರಡು ಎಂದುಕೊಂಡವು ಒಂದೇ ಎಂದೂ ತೋರಿಸುತ್ತದೆ. ಆದರೆ ಹೋಲಿಸಲು ಸರಿಯಾಗಿ ಗುರುತಿಸಿದ ಮೀನಿನ ಡಿಎನ್‌ಎ ಭಂಡಾರದಲ್ಲಿ ಇರಬೇಕಲ್ಲ? ಅಲ್ಲಿ ತಪ್ಪು ಹೆಸರಿನಲ್ಲಿ ಕೂತಿರುವ ಮೀನುಗಳು ಬೇಕಾದಷ್ಟಿವೆ. ಕಡ್ಡಿ ಎಣಿಸಲು ಬೇಸರಪಟ್ಟವನು ಡಿಎನ್‌ಎ ಕಳಿಸಿದರೆ ತಪ್ಪು ಬೇಗ ಬರುತ್ತದೆ, ಅಷ್ಟೆ ಲಾಭ.

ಮೀನು ಹಿಡಿದ ಕೂಡಲೆ ಏನು ಮಾಡಬೇಕು?

ಮೊದಲು ಜೀವಂತ ಇರುವಾಗಲೇ ಗಾಜಿನ ಸಣ್ಣ ತೊಟ್ಟಿಯಲ್ಲಿಟ್ಟು ಫೋಟೊ. ಸತ್ತ ಸ್ವಲ್ಪ ಹೊತ್ತಿಗೇ ಬಣ್ಣ ಇಳಿಯುತ್ತದೆ, ಕೆಡದಂತೆ ಇಡುವ ದ್ರಾವಣವಾದ ಫಾರ್ಮಲಿನ್‌ಗೆ ಹಾಕಿದ ಮೇಲಂತೂ ಕೆಂಪು ಹಳದಿ ಎಲ್ಲ ಹೋಗಿ ಕಂದು ಉಳಿಯುತ್ತದೆ. ಬಳಿಕ ಬಲಗಡೆಯ ರೆಕ್ಕೆಯ ಒಂದು ಚೂರು ಕತ್ತರಿಸಿ, ನೀರು ಬೆರೆಸದ ಆಲ್ಕೋಹಾಲಿನಲ್ಲಿ, ಡಿಎನ್‌ಎಗಾಗಿ. ಇದನ್ನು ಫಾರ್ಮಲಿನ್‌ಗಿಂತ ಮೊದಲೇ ಮಾಡಬೇಕು. ಫಾರ್ಮಲಿನ್ ಕುಡಿದ ಮೀನಿನಿಂದ ಡಿಎನ್‌ಎ ತೆಗೆಯುವುದು ಬಲು ಕಷ್ಟ. ಆಮೇಲೆ ಮೀನನ್ನು ಶೇಕಡಾ 10ರ ಫಾರ್ಮಲಿನ್‌ನಲ್ಲಿ ಕೆಲವು ದಿನ ಇಟ್ಟು, ನೀರಿನಲ್ಲಿ ನೆನೆಸಿ ತೊಳೆದು, ಶೇಕಡಾ 70ರ ಆಲ್ಕೋಹಾಲಿಗೆ ದಾಟಿಸುವುದು. ಫಾರ್ಮಲಿನ್ ಕಣ್ಣಿಗೆ, ಉಸಿರಿಗೆ ಕೆಟ್ಟದ್ದು. ಕೈಗವಸು ಬೇಕು, ಕೋಣೆಯ ಕಿಟಕಿ ತೆರೆದಿರಬೇಕು.

ಚೀಟಿ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯಬೇಕೆನಿಸುತ್ತದೆ. ಯಾವ ಹೊಳೆ, ಯಾವ ಊರು, ಅಕ್ಷಾಂಶ ರೇಖಾಂಶ, ತಾರೀಖು, ಹಿಡಿದವರು. ಪೆನ್ಸಿಲ್‌ನಲ್ಲಿ ಬರೆದು ಡಬ್ಬಿಯ ಒಳಗೇ ಹಾಕಬೇಕು. ನನ್ನ ಮೊದಲ ವರ್ಷದ ಸಂಗ್ರಹಕ್ಕೆಲ್ಲ ಬಾಲ್‌ಪೆನ್ನಿನಲ್ಲಿ ಬರೆದಿದ್ದೆ. ಆಲ್ಕೋಹಾಲು ಶಾಯಿಯನ್ನು ನೆಕ್ಕಿಬಿಟ್ಟಿತು. ಹದಿನೇಳು ಡಬ್ಬಿ ಮೀನು ಇವತ್ತಿಗೂ ಕಪಾಟಿನಲ್ಲಿವೆ, ಯಾವ ಹಳ್ಳದವು ಎಂದು ದೇವರಿಗೇ ಗೊತ್ತು. ಊರಿಲ್ಲದ ಮೀನು ಶಾಸ್ತ್ರಕ್ಕೆ ಕವಡೆ ಕಾಸಿಗೂ ಬಾರದು.

ಕೊಲ್ಲಲೇಬೇಕಾ? ಪಾಪ ಅಲ್ಲವಾ?

ಈ ಪ್ರಶ್ನೆ ಕೇಳುವವರು ಎರಡು ಥರ. ಮೀನು ತಿನ್ನದ ಮನೆಯ ವಿದ್ಯಾರ್ಥಿಗಳು ನಿಜವಾಗಿ ನೊಂದು ಕೇಳುತ್ತಾರೆ. ಅವರಿಗೆ ನಾನು ಸುಳ್ಳು ಸಮಾಧಾನ ಹೇಳುವುದಿಲ್ಲ. ಹೌದು, ಕೊಲ್ಲುತ್ತೇವೆ. ಲವಂಗದ ಎಣ್ಣೆ ಬೆರೆಸಿದ ನೀರಿನಲ್ಲಿ ಮೊದಲು ಪೂರ್ತಿ ಮಂಪರು ಬರಿಸಿ, ಆಮೇಲೆ. ನಾಳೆ ಯಾರಾದರೂ ನಮ್ಮ ಮಾತು ಸುಳ್ಳು ಎಂದರೆ ತೆಗೆದು ನೋಡಲು ಆ ಮೀನು ಇರಬೇಕು. ಸೈಕ್ಸ್‌ನ ಮಾದರಿಗಳು ಇದ್ದಿದ್ದರೆ ಮುಸ್ಸುಲ್ಲಾದ ಜಗಳ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತಿತ್ತು. ಬೇಕಾದಷ್ಟು ಮಾತ್ರ ತೆಗೆದುಕೊಳ್ಳಬೇಕು. ಒಂದು ಸಣ್ಣ ಹೊಂಡದಲ್ಲಿ ಹತ್ತೇ ಇದ್ದರೆ ಹತ್ತನ್ನೂ ಬಾಚುವುದು ಶಾಸ್ತ್ರವಲ್ಲ, ಕಳ್ಳತನ.

ಎರಡನೆಯ ಥರದವರು ಮಧ್ಯಾಹ್ನ ಮೀನು ಉಂಡು ಬಂದು ಕೇಳುತ್ತಾರೆ. ಅವರಿಗೆ ನಕ್ಕು ಸುಮ್ಮನಾಗುತ್ತೇನೆ.

ಯಾರ ಅನುಮತಿ ಬೇಕು?

ಭೀಮಗಡದಂಥ ಅಭಯಾರಣ್ಯದ ಒಳಗೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಒಂದು ಮೀನನ್ನೂ ಮುಟ್ಟುವಂತಿಲ್ಲ. 1972ರ ವನ್ಯಜೀವಿ ಕಾಯಿದೆ ಅನ್ವಯಿಸುತ್ತದೆ. ಜಲಾಶಯಗಳಲ್ಲಿ ಮೀನುಗಾರಿಕೆ ಇಲಾಖೆಯನ್ನೂ ಅಲ್ಲಿ ಹಕ್ಕಿರುವ ಮೀನುಗಾರರನ್ನೂ ಕೇಳಬೇಕು. ಗುಡಿಯ ಹೊಂಡ, ದೇವರ ಮಡು ಆದರೆ ಊರ ಹಿರಿಯರನ್ನು. ಕಾಗದ ಬರಲು ತಿಂಗಳುಗಳಾಗುತ್ತವೆ. ಒಮ್ಮೆ ನಮ್ಮ ಅರ್ಜಿಗೆ ಉತ್ತರ ಬರುವ ಹೊತ್ತಿಗೆ ಹಳ್ಳವೇ ಬತ್ತಿತ್ತು. ಆದರೂ ಕಾಯಿರಿ. 2002ರ ಜೀವವೈವಿಧ್ಯ ಕಾಯಿದೆಯ 39ನೇ ಕಲಮಿನ ಪ್ರಕಾರ ಹೊಸ ಪ್ರಭೇದ ಸಿಕ್ಕರೆ ಸರಕಾರ ಗೊತ್ತುಮಾಡಿದ ಭಂಡಾರಕ್ಕೆ ತಿಳಿಸಿ ಮಾದರಿ ಒಪ್ಪಿಸಬೇಕು. ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ ಅಂಥ ಒಂದು ಭಂಡಾರ. ಅದರ ಕೇಂದ್ರ ಕೋಲ್ಕತ್ತದಲ್ಲಿ, ನಮಗೆ ಹತ್ತಿರದ ಶಾಖೆ ಪುಣೆಯಲ್ಲಿ. ಮಾದರಿಯನ್ನು ಹೊರದೇಶಕ್ಕೆ ಕಳಿಸುವುದು ಇನ್ನೂ ಬಿಗಿ.

ಸಂತೆಯಲ್ಲಿ ಕೊಂಡ ಮೀನು ಆಗುತ್ತದೆಯೆ?

ಕಲಿಯಲು ಆಗುತ್ತದೆ, ವರ್ಣಿಸಲು ಬೇಡ. ಬೆಳಗಾವಿ ಮಾರ್ಕೆಟ್ಟಿನ ಒಂದೇ ಬುಟ್ಟಿಯಲ್ಲಿ ಹಿಡಕಲ್ ಜಲಾಶಯದ್ದೂ ಎಲ್ಲೋ ಕೆರೆಯಲ್ಲಿ ಸಾಕಿದ್ದೂ ಕೂಡಿ ಮಲಗಿರಬಹುದು. ಮಾರುವ ಅಕ್ಕ "ಹೊಳಿದರಿ, ತಾಜಾ ಐತಿ" ಎನ್ನುತ್ತಾಳೆ. ಯಾವ ಹೊಳೆ ಎಂದರೆ ಅವಳಿಗೆ ಸಿಟ್ಟು ಬರುತ್ತದೆ.

ಹೆಸರು ಹೇಗೆ ಇಡುತ್ತಾರೆ? ನನ್ನ ಹೆಸರು ಇಡಬಹುದೆ?

ಎರಡು ಪದ. ಮೊದಲನೆಯದು ಕುಲ, ಎರಡನೆಯದು ಪ್ರಭೇದ. ಈ ಪದ್ಧತಿಯ ಲೆಕ್ಕ 1758ರಿಂದ, ಸ್ವೀಡನ್ನಿನ ಜೀವಿಶಾಸ್ತ್ರಜ್ಞ ಲಿನೇಯಸ್‌ನ ಗ್ರಂಥದ ಹತ್ತನೇ ಆವೃತ್ತಿಯಿಂದ ಶುರು. ಒಂದೇ ಮೀನಿಗೆ ಇಬ್ಬರು ಹೆಸರಿಟ್ಟಿದ್ದರೆ ಮೊದಲು ಇಟ್ಟದ್ದು ಗೆಲ್ಲುತ್ತದೆ. ಗಂಡಸಿನ ಗೌರವಕ್ಕಾದರೆ ಕೊನೆಯಲ್ಲಿ "ಇ", ಹೆಂಗಸಿಗಾದರೆ "ಏ", ಊರು ಹೊಳೆಯಾದರೆ ಸಾಮಾನ್ಯವಾಗಿ "ಎನ್ಸಿಸ್". ಶರಾವತಿಯ ಒಂದು ಮೀನು ಹೀಗೆಯೇ 2004ರಲ್ಲಿ ಬಟಾಸಿಯೋ ಶರಾವತಿಯೆನ್ಸಿಸ್ ಆಯಿತು.

ಲ್ಯಾಟಿನ್ನೇ ಆಗಬೇಕೆಂದಿಲ್ಲ. ಕರ್ನಾಟಕದ ತೊರೆಯೊಂದರ ಪಟ್ಟೆಪಟ್ಟೆಯ ಗಿಡ್ಡ ಮೀನಿಗೆ 2015ರಲ್ಲಿ ದಾರಿಯೋ ಹುಲಿ ಎಂದು ಹೆಸರಿಟ್ಟರು. ಹುಲಿ ಅಂದರೆ ನಮ್ಮ ಹುಲಿಯೇ. ಕೊಲ್ಹಾಪುರದ ಕಡೆ ಬೇರೆ ಮೀನುಗಳ ಹುರುಪೆ ಕಿತ್ತು ತಿನ್ನುವ ಮೀನೊಂದಕ್ಕೆ 1952ರಲ್ಲಿ ಮರಾಠಿಯ ಖವಲ್‌ಚೋರ್ ಎಂಬ ಹೆಸರೇ ನಿಂತಿತು, ಹುರುಪೆಗಳ್ಳ ಎಂದರ್ಥ. ಕಳ್ಳನೆಂದು ಶಾಶ್ವತವಾಗಿ ದಾಖಲಾದ ಬಡಪಾಯಿ. ಮಲಪ್ರಭೆಯಲ್ಲಿ ಯಾರಿಗಾದರೂ ಹೊಸದು ಸಿಕ್ಕರೆ ಅಲ್ಲಿಯ ಅಂಬಿಗರು ಏನು ಕರೆಯುತ್ತಾರೆ ಎಂದು ಮೊದಲು ಕೇಳಲಿ. ಇದು ನನ್ನ ಆಸೆ.

ನಿಮ್ಮ ಹೆಸರನ್ನು ನೀವೇ ಇಟ್ಟುಕೊಳ್ಳಬಾರದೆಂದು ನಿಯಮದಲ್ಲಿ ಬರೆದಿಲ್ಲ. ಆದರೆ ಹಾಗೆ ಮಾಡಿದವರನ್ನು ಮೀನಿನವರ ಲೋಕ ಮರೆಯುವುದಿಲ್ಲ, ಒಳ್ಳೆಯ ಅರ್ಥದಲ್ಲಲ್ಲ.

ಪೇಪರಿನಲ್ಲಿ ಸುದ್ದಿ ಬಂತು. ಹೆಸರು ಪಕ್ಕಾ ಆಯಿತಲ್ಲ?

ಇಲ್ಲ. ವೈಜ್ಞಾನಿಕ ಪತ್ರಿಕೆಯಲ್ಲಿ ವರ್ಣನೆ ಅಚ್ಚಾಗಬೇಕು. ಬೇರೆ ಪ್ರಭೇದಗಳಿಂದ ಹೇಗೆ ಭಿನ್ನ ಎಂಬುದು ಅದರಲ್ಲಿ ಇರಬೇಕು. 2000ದಿಂದ ಈಚೆಗೆ, ಯಾವ ಒಂದು ಮೀನು ಹೆಸರಿಗೆ ಆಧಾರ ಎಂದು ಖಚಿತವಾಗಿ ಹೇಳಿ, ಅದನ್ನು ಯಾವ ಸಂಗ್ರಹಾಲಯದಲ್ಲಿಟ್ಟಿದೆ ಎಂದೂ ಬರೆಯಬೇಕು. ಆ ಮೀನಿಗೆ ಹೋಲೋಟೈಪ್ ಎನ್ನುತ್ತಾರೆ, ಜೊತೆಯಲ್ಲಿಟ್ಟವಕ್ಕೆ ಪ್ಯಾರಾಟೈಪ್. ಪತ್ರಿಕೆ ಆನ್‌ಲೈನ್ ಮಾತ್ರ ಆದರೆ ಜೂಬ್ಯಾಂಕ್ ಎಂಬ ದಾಖಲೆಯಲ್ಲಿ ನೋಂದಣಿಯೂ ಬೇಕು. ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳಿಂದ 'ವಿದ್ಯಾರ್ಥಿಗಳೇ ದೂರವಿರಿ' ಎಂದು ನಾನು ಬೋರ್ಡೇ ಬರೆದು ಹಾಕಿದ್ದೇನೆ. ಅಲ್ಲಿ ಹುಟ್ಟಿದ ಕೆಟ್ಟ ಹೆಸರನ್ನು ಅಳಿಸುವುದು ಹೊಸ ಹೆಸರಿಡುವುದಕ್ಕಿಂತ ಕಷ್ಟ.

ಎಷ್ಟು ಕಾಲ ಬೇಕು?

ಎಲ್ಲ ಬಗೆಯ ಜೀವಿಗಳನ್ನೂ ಸೇರಿಸಿ 2012ರಲ್ಲಿ ಲೆಕ್ಕ ಹಾಕಿದಾಗ, ಮಾದರಿ ಹಿಡಿದ ದಿನದಿಂದ ಹೆಸರು ಬರುವ ತನಕ ಸರಾಸರಿ 21 ವರ್ಷ ಬಂತು. ಹಿಡಿದವನ ಮಗ ಕಾಲೇಜು ಸೇರಿರುತ್ತಾನೆ.

ಕೇರಳದ ಬಾವಿಗಳಲ್ಲಿ ಕುರುಡು ಮೀನು ಸಿಗುತ್ತವಂತೆ. ವಿಜಯಪುರದ ಸುರಂಗ ಬಾವಡಿಯಲ್ಲಿ?

ಒಳ್ಳೆಯ ಪ್ರಶ್ನೆ, ವಿಜಯಪುರದ ಹುಡುಗಿಯೊಬ್ಬಳದು. ಕೇರಳದಲ್ಲಿ ನೆಲದಡಿಯ ಮೀನುಗಳು ನಿಜಕ್ಕೂ ಮನೆಬಾಗಿಲಿಗೆ ಬರುತ್ತವೆ. ಪಾಂಜಿಯೋ ಭುಜಿಯಾ 2019ರಲ್ಲಿ ಕೋಳಿಕ್ಕೋಡಿನ ಕಡೆಯ ಬಾವಿಯಿಂದ ಬಂತು. ಸ್ನಾನದ ಬಕೆಟ್ಟಿನಲ್ಲಿ ಕೆಂಪು ದಾರದ ಹಾಗೆ ಕಂಡದ್ದು 2022ರಲ್ಲಿ ಪಾಂಜಿಯೋ ಪಾತಾಳ ಆಯಿತು. 2023ರಲ್ಲಿ ಹೆಸರು ಪಡೆದ ಹೊರಾಗ್ಲಾನಿಸ್ ಪಾಪ್ಯುಲಿಯ ಎರಡನೆಯ ಪದಕ್ಕೆ "ಜನರ" ಎಂದೇ ಅರ್ಥ, ಬಾವಿಯಲ್ಲಿ ಕಂಡದ್ದನ್ನು ತಂದುಕೊಟ್ಟ ಊರವರ ಗೌರವಕ್ಕೆ.

ಆದರೆ ಅದು ಜಂಬಿಟ್ಟಿಗೆ ಕಲ್ಲಿನ ನಾಡು. ಆ ಕಲ್ಲು ಸ್ಪಂಜಿನ ಹಾಗೆ, ತೂತುಗಳ ತುಂಬ ನೀರು. ವಿಜಯಪುರದ ಅಡಿ ಕರಿಕಲ್ಲು. ನೀರು ಬಿರುಕುಗಳಲ್ಲಷ್ಟೆ ಓಡುತ್ತದೆ. ಆದಿಲಶಾಹಿಯವರು ತೊರವಿಯ ಕಡೆಯಿಂದ ನೀರು ತಂದ ಸುರಂಗ ಕೈಯಿಂದ ಕೊರೆದದ್ದು, ಕೆಲವೇ ಶತಮಾನದ್ದು. ಮೀನಿನ ಕಣ್ಣು ಹೋಗಲು ಆ ಕಾಲ ಎಲ್ಲಿಗೂ ಸಾಲದು. ನನ್ನನ್ನು ಕೇಳಿದರೆ ಖಾನಾಪುರದ ಕೆಂಪುಕಲ್ಲಿನ ಬಾವಿಗಳನ್ನು ಮೊದಲು ನೋಡಿ: ಪಂಪಿನ ಬಾಯಿಗೆ ಒಂದು ತೆಳು ಬಟ್ಟೆ ಕಟ್ಟಿ, ದಿನಾ ಬಿಚ್ಚಿ ನೋಡಿ. ಖರ್ಚು ಏನೂ ಇಲ್ಲ.

ಇದಕ್ಕೆ ಡಿಗ್ರಿ ಬೇಕೆ?

ನಿಯಮ ಕೇಳುವುದಿಲ್ಲ. ಓದು ಬೇಕು, ತಾಳ್ಮೆ ಬೇಕು, ಜೊತೆಗೆ ಅನುಭವ ಇರುವವರೊಬ್ಬರು ಬೇಕು. ಮೀನು ಸಾಕುವ ಹವ್ಯಾಸದವರೂ ಹೊಸ ಪ್ರಭೇದಗಳ ಪತ್ತೆಯಲ್ಲಿ ಕೈಜೋಡಿಸಿದ್ದಾರೆ. ಬಲೆಯವರ ಕಣ್ಣಂತೂ ನಮ್ಮ ಕಣ್ಣಿಗಿಂತ ಮುಂದೆ. ಘಟಪ್ರಭೆಯ ಒಬ್ಬ ಹಿರಿಯರು ನಾನು ಒಂದೇ ಎಂದುಕೊಂಡಿದ್ದ ಮೀಸೆಯ ಮೀನುಗಳನ್ನು ಎರಡು ಗುಡ್ಡೆ ಮಾಡಿಟ್ಟು "ಇವು ಬ್ಯಾರೆ ಅದಾವ್ರಿ ಸರ, ಮುಳ್ಳು ಚುಚ್ಚಿದ್ರ ಉರಿ ಬ್ಯಾರೆ" ಎಂದರು. ಲ್ಯಾಬಿನಲ್ಲಿ ಎಣಿಸಿ ನೋಡಿದೆ. ಎರಡಕ್ಕೂ ಹಳೆಯ ಹೆಸರುಗಳೇ ಇದ್ದವು, ಆದರೆ ಎರಡು ಬೇರೆಯೇ ಆಗಿದ್ದವು.

ಹೆಸರಿಟ್ಟರೆ ಹೊಳೆಗೆ ಏನು ಲಾಭ?

ಕೆಲವೊಮ್ಮೆ ಇದೆ. ಶಿಸ್ಟುರಾ ಹಿರಣ್ಯಕೇಶಿ ಸಿಕ್ಕ ಅಂಬೋಲಿಯ ಜಾಗವನ್ನು 2021ರಲ್ಲಿ ಮಹಾರಾಷ್ಟ್ರ ಸರಕಾರ ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸಿತು. ಬೆರಳುದ್ದದ ಮೀನಿನಿಂದ ಒಂದು ಹೊಂಡಕ್ಕೆ ಕಾವಲು ಬಂತು. ಎಲ್ಲ ಕಡೆ ಹೀಗಾಗುವುದಿಲ್ಲ. ಉಸುಕಿನಲ್ಲಿ, ಹರಳುಕಲ್ಲಿನ ಸಂದಿಯಲ್ಲಿ ಬದುಕುವ ಮೀನುಗಳಿಗೆ ಉಸುಕು ಎತ್ತುವ ಟ್ರ್ಯಾಕ್ಟರು ಹೆಸರು ಕೇಳಿ ಬರುವುದಿಲ್ಲ. ಇನ್ನೊಂದು ಅಪಾಯವೂ ಇದೆ: ಚೆಂದದ ಮೀನಿನ ಊರು ಬಹಿರಂಗವಾದರೆ ಮಾರುವವರು ಬಲೆ ಹಿಡಿದು ಬರುತ್ತಾರೆ. ಹೀಗಾಗಿ ಕೆಲವರು ಜಾಗವನ್ನು ಸ್ವಲ್ಪ ಮಸುಕಾಗಿ ಬರೆಯುತ್ತಾರೆ. ಅದು ಸರಿಯೋ ತಪ್ಪೋ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಜಗಳ ಇನ್ನೂ ಮುಗಿದಿಲ್ಲ.

ಪರಿಣತರಿಗೆ ಫೋಟೊ ಕಳಿಸಬೇಕು. ಹೇಗೆ ತೆಗೆಯಲಿ?

ಎಡಬದಿ, ತಲೆ ಎಡಕ್ಕೆ. ರೆಕ್ಕೆಗಳು ಬಿಚ್ಚಿಕೊಂಡಿರಲಿ. ಪಕ್ಕದಲ್ಲಿ ಅಳತೆಪಟ್ಟಿ, ಇಲ್ಲದಿದ್ದರೆ ಒಂದು ರೂಪಾಯಿ ನಾಣ್ಯ. ಬಾಯಿಯನ್ನು ಕೆಳಗಿನಿಂದ ಒಂದು ಬೇರೆ ಫೋಟೊ, ಮೀಸೆ ಕಾಣುವ ಹಾಗೆ. ಹೊಳೆಯ ಫೋಟೊ ಒಂದು: ತಳ ಉಸುಕೋ, ಬಂಡೆಯೋ, ರಾಡಿಯೋ ಎಂದು ತಿಳಿಯುವಂತೆ. ಊರು, ಹಳ್ಳದ ಹೆಸರು, ತಾರೀಖು, ಅಲ್ಲಿಯವರು ಆ ಮೀನನ್ನು ಏನೆನ್ನುತ್ತಾರೆ ಎಂಬುದು. ಅಂಗೈಯಲ್ಲಿ ಮುಷ್ಟಿ ಹಿಡಿದು, ಮೂತಿ ಮಾತ್ರ ಹೊರಗೆ ಕಾಣುವಂತೆ ತೆಗೆದ ಫೋಟೊ ದಯವಿಟ್ಟು ಬೇಡ. ಬೆರಳುಗಳನ್ನು ಗುರುತಿಸುವುದು ನಮಗೆ ಬರುವುದಿಲ್ಲ.